ಸ್ಟೇಡಿಯಂಗೆ ಎಷ್ಟಾಣೆ, ಅನ್ನಪೂರ್ಣಕ್ಕ?

ಗಜೇಂದ್ರಗಡದ ನೇಕಾರರ ಓಣಿಗೆ ಬಂದು ಅನ್ನಪೂರ್ಣಳ ಮನೆ ಯಾವುದು ಎಂದು ಕೇಳಿ ನೋಡಿ. "ಯಾವ ಅನ್ನಪೂರ್ಣಾರಿ? ಸೀರಿ ನೇಯಾಕೀನೋ, ಸ್ಟೇಡಿಯಂ ನೋಡಾಕೀನೋ?" ಎಂಬ ಮರುಪ್ರಶ್ನೆ ಬರುತ್ತದೆ. ಇಬ್ಬರೂ ಒಬ್ಬಳೇ ಎಂಬುದು ಹಾಗೆ ಕೇಳಿದವನಿಗೂ ಗೊತ್ತು, ಆದರೂ ಕೇಳುತ್ತಾನೆ. ನಮ್ಮ ಮಂದಿಗೆ ಒಂದು ಹೆಣ್ಣು ಒಂದೇ ಕೆಲಸ ಮಾಡಿದರೆ ಸಮಾಧಾನ, ಎರಡು ಮಾಡಿದರೆ ಅನುಮಾನ.

ಅನ್ನಪೂರ್ಣ ಹುಟ್ಟಿದ್ದು ಬೆಳವಣಕಿಯಲ್ಲಿ. ಅಲ್ಲಿಯ ಶಾಲೆಯ ಡ್ರಿಲ್ ಮಾಸ್ತರರಿಗೆ ಫುಟ್‌ಬಾಲಿನ ಹುಚ್ಚು. ಸುಗ್ಗಿ ಬಂತೆಂದರೆ ಹುಡುಗರೆಲ್ಲ ಹೊಲಕ್ಕೆ ಹೋಗಿಬಿಡುತ್ತಿದ್ದರು. ಆಗ ಮಾಸ್ತರರು ತಂಡಕ್ಕೆ ಆಳು ಸಾಲದೆ ಹುಡುಗಿಯರನ್ನೂ ಬಯಲಿಗೆ ಇಳಿಸುತ್ತಿದ್ದರು. ಎರೆಮಣ್ಣಿನ ನೆಲ, ನಾಲ್ಕು ಹನಿ ಬಿದ್ದರೆ ಚೆಂಡು ಹೋಗುವುದಕ್ಕಿಂತ ಮಣ್ಣೇ ಹೆಚ್ಚು ದೂರ ಹೋಗುತ್ತಿತ್ತು. ಅಲ್ಲಿ ಲಂಗ ಎತ್ತಿ ಕಟ್ಟಿ ಎಡಗಾಲಿನಿಂದ ಒದೆಯಲು ಕಲಿತವಳು ಇವಳು. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದು, ಗಂಡ ಚನ್ನಬಸವನ ಮನೆಯ ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತ ಮೇಲೂ ಆ ಎಡಗಾಲು ಸುಮ್ಮನಿರಲಿಲ್ಲ. ಅವಳ ಮಗ್ಗದಲ್ಲಿ ಎಡಗಾಲಿನ ಹಲಗೆ ಬಲಗಾಲಿನದಕ್ಕಿಂತ ಬೇಗ ಸವೆಯುತ್ತದೆ ಎಂದು ಚನ್ನಬಸವ ಇವತ್ತಿಗೂ ಗೊಣಗುತ್ತಾನೆ. ಪಾಪ, ಅವನು ಗೊಣಗುವುದು ಅಷ್ಟೇ. ಬಾಕಿ ಎಲ್ಲದಕ್ಕೂ "ಅವ್ವನ್ನ ಕೇಳು" ಎನ್ನುವ ಮನುಷ್ಯ.

ಮಗ್ಗದ ಎದುರು ಗೋಡೆಗೆ ಫೋನ್ ಒರಗಿಸಿ ಪಂದ್ಯ ನೋಡುತ್ತ ನೇಯುವುದು ಅವಳಿಗೆ ರೂಢಿಯಾಗಿ ವರ್ಷಗಳೇ ಆಗಿದ್ದವು. ಆದರೆ ಸ್ಟೇಡಿಯಂ ನೋಡುವ ಚಟ ಹತ್ತಿದ್ದು ಕೊಲ್ಲಾಪುರದಲ್ಲಿ. ಓಣಿಯ ಹೆಂಗಸರೆಲ್ಲ ಕೂಡಿ ಅಂಬಾಬಾಯಿಯ ದರ್ಶನಕ್ಕೆ ಹೋಗಿದ್ದರು. ಸಂಗಡ ಇಷ್ರತಳೂ ಇದ್ದಳು. ಇಷ್ರತ ಪಕ್ಕದ ಮನೆಯವಳು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಎಲ್ಲಿಗೆ ಹೋದರೂ ನಾಲ್ಕು ಸೀರೆ ಚೀಲದಲ್ಲಿಟ್ಟುಕೊಂಡು ಹೋಗಿ ಗಿರಾಕಿ ಹುಡುಕುವ ಚಾಲಾಕಿ. ಸಾಲಿನಲ್ಲಿ ನಿಂತಿದ್ದಾಗ ಊರಿನ ಯಾವುದೋ ಮೂಲೆಯಿಂದ ದೊಡ್ಡ ಗದ್ದಲ ಕೇಳಿಸಿತು.

"ಜಗಳ ಇರಬೇಕು ಬಿಡ ಅಕ್ಕ" ಎಂದಳು ಇಷ್ರತ.

"ಜಗಳದ ದನಿ ಅಲ್ಲ ಅದು. ಗೋಲಿನ ದನಿ" ಎಂದ ಅನ್ನಪೂರ್ಣ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಇಬ್ಬರೂ ಆ ಸಂಜೆ ದೇವಿಯ ಬದಲು ಸ್ಟೇಡಿಯಂ ನೋಡಿದರು. ಬಸ್ಸಿಗೆ ತಡವಾಗಿ ಓಡಿ ಬಂದವರನ್ನು ಓಣಿಯ ಹೆಂಗಸರು ಹಿಡಿದು ಜಾಡಿಸಿದರು. ಎಲ್ಲಿ ಹಾಳಾಗಿ ಹೋಗಿದ್ದಿರಿ, ದರ್ಶನಕ್ಕಿಂತ ಹೆಚ್ಚಿನದು ಅಲ್ಲೇನಿತ್ತು ಎಂದು ಒಬ್ಬಳು ಕೇಳಿದಾಗ ಅನ್ನಪೂರ್ಣ ಉಸಿರು ಬಿಡುತ್ತಲೇ ಹೇಳಿದ್ದು: "ಹನ್ನೆರಡಾಣೆ ಜಾಗಾ ಬೇ ಅದು!" ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಸರಕಾರದಲ್ಲಿ ಹೋಗಿರಬಹುದು, ನಮ್ಮ ಬಾಯಿಂದ ಹೋಗಿಲ್ಲ. ಮಾತು ಖರೇ ಇದ್ದರೆ ಹದಿನಾರಾಣೆ ಖರೇ. ಹಾಗೆ ಬಸ್ಸಿನಲ್ಲಿ ಬೈಗುಳ ತಿನ್ನುತ್ತ ಕೊಟ್ಟ ಆ ಹನ್ನೆರಡಾಣೆಯೇ ಅವಳ ಮೊದಲ ತೀರ್ಪು.

ಆಮೇಲೆ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಊರಿನ ಉಳಿದ ಹೆಂಗಸರು ಧರ್ಮಸ್ಥಳ, ಮಂತ್ರಾಲಯ ಎಂದು ಹೊರಟರೆ, ಇವಳು ಬೆಂಗಳೂರು, ಮಡಗಾವ್ ಎಂದು ಹೊರಟಳು. ಇಷ್ರತಳ ಸೀರೆ ಚೀಲ ಜೊತೆಗಿದ್ದರೆ ಗಡಿಯಾಚೆಯ ದಾರಿಖರ್ಚಿಗೂ ತೊಂದರೆ ಇಲ್ಲ. ಒಮ್ಮೆ ಕೊಚ್ಚಿಯ ತನಕ ಹೋಗಿ ಬಂದರು; ಆ ವಾರ ಇಡೀ ಓಣಿ ಇವರದೇ ಸುದ್ದಿ ಅಗಿಯಿತು.

ಹೋದಲ್ಲೆಲ್ಲ ಅವಳು ಸ್ಟೇಡಿಯಂ ನೋಡುವ ಬಗೆಯೇ ಬೇರೆ. ಸೀರೆ ಕೊಳ್ಳುವವಳು ಮೊದಲು ದಡಿ ನೋಡುತ್ತಾಳೆ, ಆಮೇಲೆ ಒಡಲು, ಕಡೆಗೆ ಸೆರಗು. ಅನ್ನಪೂರ್ಣಳಿಗೆ ಸ್ಟೇಡಿಯಂಗೂ ಅವೇ ಮೂರು. ಗೇಟು, ನೀರು, ಹೆಣ್ಣುಮಕ್ಕಳ ಪಾಯಖಾನೆ, ವಾಪಸು ಬರುವ ದಾರಿ, ಇದೆಲ್ಲ ದಡಿ. ಮೈದಾನ, ಮತ್ತು ಕುಳಿತಲ್ಲಿಂದ ಅದು ಎಷ್ಟು ಕಾಣುತ್ತದೆ ಎಂಬುದು ಒಡಲು. ಕೂಡಿದ ಮಂದಿ ಸೆರಗು. ಈ ಮೂರನ್ನೂ ನೋಡಿ, ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಮಾತಾಡಿ ಓಣಿಯ ಹೆಂಗಸರ ಗುಂಪಿಗೆ ಕಳಿಸುತ್ತಿದ್ದಳು.

"ಬೆಂಗಳೂರಿನ ಕಂಠೀರವ ಚಲೋ ಐತ್ರೆವಾ. ಆದ್ರ ಮೈದಾನಕ್ಕೂ ನಮಗೂ ನಡುವ ಓಡೋರ ಹಾದಿ ಸುತ್ತ ಬಂದೈತಿ. ಬೀಗರ ಮನಿ ಜಗಲಿ ಮ್ಯಾಲ ಕುಂತು ಅವರ ಅಡಗಿಮನಿ ನೋಡಿದಂಗ ಆಕ್ಕೈತಿ. ಒಡಲಿಗೆ ಎರಡಾಣೆ ಕಡಿಮಿ. ಕೊಚ್ಚಿದು ಸೆರಗು ಮಾತ್ರ ಏನ್ ಹೇಳ್ಲಿ! ಎಲ್ಲಾರೂ ಹಳದಿ ಅಂಗಿ. ಮೈತುಂಬ ಅರಿಷಿಣ ಹಚ್ಚಿದ ಮದಿಮಗಳು ಕುಣದಂಗ ಕುಣೀತೈತಿ ಸ್ಟೇಡಿಯಂ."

ಈ ಮಾತುಗಳು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ ರೋಣ, ನರೇಗಲ್, ಹುಬ್ಬಳ್ಳಿ, ಬೆಳಗಾವಿ ಎಂದು ಎಲ್ಲೆಲ್ಲಿಗೋ ಹೋದವು. ಪಂದ್ಯ ನೋಡಲು ಆಸೆಯಿದ್ದು, ಅಲ್ಲಿ ಹೆಂಗಸರಿಗೆ ಹೇಗೋ ಏನೋ ಎಂದು ಅಂಜಿ ಮನೆಯಲ್ಲೇ ಕುಳಿತವರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಅವರೆಲ್ಲ ಫೋನ್ ಮಾಡಿ ಕೇಳತೊಡಗಿದರು, "ಅಲ್ಲಿಗೆ ಎಷ್ಟಾಣೆ ಅಕ್ಕಾರ? ಹೋಗಬೌದೇನ್ರಿ?" ಲಾಳಿ ಓಡಿಸುತ್ತಲೇ ಅವಳು ಒಬ್ಬೊಬ್ಬರಿಗೂ ಸಮಾಧಾನದಿಂದ ಉತ್ತರ ಹೇಳುತ್ತಿದ್ದಳು. ಯಾವ ಗೇಟಿನಿಂದ ಒಳಗೆ ಹೋಗಬೇಕು, ಎಲ್ಲಿ ಕುಳಿತರೆ ಪುಂಡರ ಕಾಟ ಇಲ್ಲ, ಎಲ್ಲ.

ಒಂದು ಊರಿನ ಸ್ಟೇಡಿಯಂನಲ್ಲಿ (ಹೆಸರು ಬೇಡ, ಅವರಿಗೂ ಮಾನ ಇದೆ) ಹೆಣ್ಣುಮಕ್ಕಳ ಪಾಯಖಾನೆಗೆ ಬೀಗ ಹಾಕಿ ಒಳಗೆ ಮುರಿದ ಕುರ್ಚಿ ತುಂಬಿದ್ದರು. ಬೇರೆ ಯಾರಾದರೂ ಆಗಿದ್ದರೆ ಮೂರಾಣೆ ಕೊಟ್ಟು ಬೈದು ಬರುತ್ತಿದ್ದರು. ಅನ್ನಪೂರ್ಣ ಕಾವಲುಗಾರನನ್ನು ಹುಡುಕಿ ಹಿಡಿದಳು; ಬೀಗ ತೆಗೆಸಿದಳು, ಇಷ್ರತಳೂ ಅವಳೂ ಕೂಡಿ ಕುರ್ಚಿ ಹೊರಗೆ ಎಳೆದರು. ವಿರಾಮ ಮುಗಿದು ಆಟ ಮತ್ತೆ ಶುರುವಾದರೂ ಬಾಗಿಲಲ್ಲೇ ನಿಂತು ಒಬ್ಬೊಬ್ಬ ಹೆಂಗಸನ್ನೂ ಒಳಗೆ ಬಿಟ್ಟಳು. ಅಷ್ಟರಲ್ಲಿ ಎರಡು ಗೋಲು ಆಗಿಹೋಗಿದ್ದವು. ಅದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಇಂಥವಳಿಗೆ ಕೈಮುಗಿಯದೆ ಇನ್ನು ಯಾರಿಗೆ ಮುಗಿಯಬೇಕು?

ಹಾಗಂತ ಅವಳೇನು ದೇವತೆಯಲ್ಲ. ನೇಕಾರರಿಗೆ ಒಂದು ಕೆಟ್ಟ ಚಾಳಿ ಉಂಟು. ಯಾರ ಮೈಮೇಲೆ ಒಳ್ಳೆಯ ಬಟ್ಟೆ ಕಂಡರೂ ಮಗುಚಿ ಹಿಂಬದಿ ನೋಡಬೇಕು. ಕೊಚ್ಚಿಯಲ್ಲಿ ಮುಂದೆ ಕುಳಿತವನ ಕೊರಳಲ್ಲಿ ತಂಡದ ಶಾಲು ಇತ್ತು. ಪಂದ್ಯ ಕಾವೇರಿದ್ದಾಗ ಇವಳು ಮೆಲ್ಲಗೆ ಅದರ ತುದಿ ಹಿಡಿದು ಮಗುಚಿದಳು. ಅವನು ಯಾರೋ ಕುತ್ತಿಗೆಗೆ ಕೈ ಹಾಕಿದರೆಂದು ಕೂಗಿ ಎದ್ದು ನಿಂತ. ಸುತ್ತಲಿನ ಮಂದಿ ತಿರುಗಿದರು. ಇಷ್ರತ ತನಗೆ ಬಂದ ಮುರುಕು ಹಿಂದಿಯಲ್ಲಿ, ಇವಳು ಕಳ್ಳಿ ಅಲ್ಲ, ನೇಕಾರಳು ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಅನ್ನಪೂರ್ಣಳಿಗೆ ನಾಚಿಕೆ ಆದದ್ದಕ್ಕಿಂತ ಆ ಶಾಲು ಮಗ್ಗದ್ದಲ್ಲ, ಮಷೀನಿನದು ಎಂಬ ಬೇಸರವೇ ದೊಡ್ಡದಾಗಿತ್ತು.

ಇಷ್ಟೆಲ್ಲ ತಿರುಗಾಟಕ್ಕೆ ಅಪ್ಪಣೆ ಕೊಡುತ್ತಿದ್ದವಳು ಅತ್ತೆ ಅಡಿವೆವ್ವ. ಎಪ್ಪತ್ತು ದಾಟಿದ ಮುದುಕಿ. ಮಂಡಿ ನೋವಿನಿಂದ ಮಗ್ಗ ಬಿಟ್ಟು, ಈಗ ಪಡಸಾಲೆಯಲ್ಲಿ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾಳೆ. ಕುಳಿತಲ್ಲಿಂದಲೇ ಮನೆ ಆಳುತ್ತಾಳೆ. ಅವಳದು ಎರಡು ಕಟ್ಟಳೆ. ಒಂದು, ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಬಿಟ್ಟು ಊರು ದಾಟುವಂತಿಲ್ಲ. ಸೆರಗು ಮುಗಿಸಿ, ಸೀರೆ ಕೊಯ್ದು ಇಳಿಸಿಯೇ ಏಳಬೇಕು. ಅವಳು ಹೊಸ ಸೊಸೆಯಾಗಿದ್ದಾಗ ತವರಿನ ಮದುವೆಗೆ ಹೋಗಿ ಬರುವುದರೊಳಗೆ ಇಲಿಗಳು ಮಗ್ಗದ ಮೇಲಿನ ಹಾಸಿನ ನೂಲು ಕಡಿದು ಹಾಕಿದ್ದವಂತೆ. ಇಲಿಗಳು ಸತ್ತು ಎಷ್ಟೋ ಕಾಲವಾಯಿತು, ಕಟ್ಟಳೆ ಉಳಿಯಿತು. ಇನ್ನೊಂದು, ಎಲ್ಲಿಗೇ ಹೋಗಲಿ, ಮರುದಿನ ಬೆಳಿಗ್ಗೆ ಮಗ್ಗಕ್ಕೆ ಬಂದು ಕೂಡಬೇಕು.

ಮೊದಲನೆಯದು ಅನ್ನಪೂರ್ಣಳಿಗೆ ಭಾರ ಅನ್ನಿಸಿರಲಿಲ್ಲ. ಎರಡನೆಯದು ಮಾತ್ರ ಒಳಗೊಳಗೇ ಕೊರೆಯುತ್ತಿತ್ತು. ಕೊಚ್ಚಿಯಂಥ ದೂರದ ಊರಿಗೆ ಒಂದು ದಿನದ ರಿಯಾಯಿತಿ ಸಿಕ್ಕಿತ್ತು ನಿಜ, ಆದರೂ ಬೆಳಗಿಗೆ ಮನೆ ಮುಟ್ಟಿಸುವ ಬಸ್ಸೋ ರೈಲೋ ಪಂದ್ಯ ಮುಗಿಯುವ ತನಕ ಯಾವ ಊರಲ್ಲೂ ಕಾಯುವುದಿಲ್ಲ. ಹಾಗಾಗಿ ಇಷ್ಟು ಸ್ಟೇಡಿಯಂ ನೋಡಿದವಳು ಅಲ್ಲಿ ಕುಳಿತು ಒಂದೇ ಒಂದು ಆಟದ ಕೊನೆ ನೋಡಿರಲಿಲ್ಲ. ಇನ್ನೂ ಹತ್ತು ನಿಮಿಷ ಇರುವಾಗ ಎದ್ದು, ಮಂದಿಯ ಮೊಣಕಾಲು ದಾಟುತ್ತ, ತಿರುತಿರುಗಿ ನೋಡುತ್ತ ಹೊರಗೆ ಬರುವುದು. ಗೆದ್ದವರಾರು ಎಂಬುದು ಬಸ್ಸಿನಲ್ಲಿ ಫೋನ್ ನೋಡಿದ ಮೇಲೇ ತಿಳಿಯುತ್ತಿತ್ತು. ಇದನ್ನು ಅವಳು ಅತ್ತೆಗೆ ಎಂದೂ ಹೇಳಿರಲಿಲ್ಲ. ಹೇಳಿದರೆ ಇರುವುದನ್ನೂ ಕಸಿದುಕೊಂಡರೆ ಎಂಬ ಭಯ.

ಹೀಗೆ ನಡೆದಿರುವಾಗ ಮಗ ಅಜಯಕುಮಾರನಿಗೆ ನರಗುಂದದಿಂದ ಒಂದು ಸಂಬಂಧ ಬಂತು. ಅಜಯಕುಮಾರ ರೋಣದ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ; ದಿನವೂ ಗಾಡಿಯ ಮೇಲೆ ಹೋಗಿ ಬರುವ, ಮಾತು ಕಡಿಮೆಯ ಹುಡುಗ. ಹುಡುಗಿಯನ್ನು ನೋಡಿ ಬಂದಿದ್ದ, ಒಪ್ಪಿದ್ದ. ಹುಡುಗಿಯ ತಾಯಿ ಮತ್ತು ಸೋದರಮಾವ ಮನೆ ನೋಡಲು ಬಂದರು. ಸೂಸಲ, ಮಿರ್ಚಿ, ಚಹ ಎಲ್ಲ ಆಯಿತು. ಎಲೆಅಡಿಕೆ ಕೈಗೆ ತೆಗೆದುಕೊಳ್ಳುತ್ತ ಆ ತಾಯಿ ಅಡಿವೆವ್ವನ ಕಡೆ ತಿರುಗಿ, ನಗುತ್ತಲೇ ಚುಚ್ಚಿದಳು.

"ನಿಮ್ಮ ಸೊಸಿ ಬಾಲ್ ಆಡೂದು ನೋಡಾಕ ಊರೂರು ತಿರಗತಾರಂತ? ನಮ್ಮ ಕಡಿ ಮಂದಿ ಏನೇನೋ ಅಂತಾರ್ರಿ."

ಅಡಿವೆವ್ವನ ಮುಖ ಕಪ್ಪಿಟ್ಟಿತು. "ಅದು ಹಿಂದಿನ ಮಾತ್ರಿ. ಈಗೇನು ಹೋಗಂಗಿಲ್ಲ" ಎಂದಳು. ಒಳಗೆ ಕಪ್ಪು ತೊಳೆಯುತ್ತಿದ್ದ ಅನ್ನಪೂರ್ಣಳಿಗೆ ಆ ಮಾತು ಕೇಳಿಸಿತು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತುಬಿಟ್ಟಳು.

ಬೀಗರು ಹೋದ ಮೇಲೆ ಅಡಿವೆವ್ವ ಕರೆದು ಖಂಡತುಂಡವಾಗಿ ಹೇಳಿದಳು. "ಸಾಕಿನ್ನ. ಹುಡುಗನ ಮದುವಿ ಆಗಬೇಕು. ಊರ ಬಾಯಿಗೆ ನಾ ಎಲ್ಲಿಂದ ಮುಚ್ಚಳ ತರ್ಲಿ?"

ಅನ್ನಪೂರ್ಣ ಯಾವತ್ತೂ ಎದುರು ಮಾತಾಡಿದವಳಲ್ಲ. ಆವತ್ತೂ ದನಿ ಏರಿಸಲಿಲ್ಲ. ಆದರೆ ಕಣ್ಣು ತುಂಬಿ ಬಂದಿದ್ದವು, ಅದನ್ನು ಮುಚ್ಚಿಡಲಿಲ್ಲ.

"ಅತ್ತಿ, ಬರೂ ಐತವಾರ ಮಡಗಾವ್‌ನಾಗ ಒಂದು ಆಟ ಐತ್ರಿ. ನೀವೂ ಬರ್ರಿ. ನಾ ಅಲ್ಲಿ ಏನು ಮಾಡ್ತೀನಿ, ಹ್ಯಾಂಗ ಇರ್ತೀನಿ, ಒಮ್ಮಿ ನಿಮ್ಮ ಕಣ್ಣಿಲೆ ನೋಡ್ರಿ. ನೋಡಿ ಬ್ಯಾಡ ಅಂದ್ರ ಬಿಟ್ಟಬಿಡ್ತೀನಿ. ಮತ್ತ ಕೇಳಂಗಿಲ್ಲ."

"ನಾನು? ಈ ಮಂಡಿ ಹೊತ್ತು?" ಎಂದಳು ಅಡಿವೆವ್ವ. ಚನ್ನಬಸವ ಮಗ್ಗದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ತಲೆ ತಗ್ಗಿಸಿದ. ಮುದುಕಿ ಎರಡು ದಿನ ಮುಖ ಗಂಟಿಕ್ಕಿಕೊಂಡು ನೂಲು ಸುತ್ತಿದಳು. ಮೂರನೆಯ ದಿನ ಟ್ರಂಕಿನಿಂದ ತಾನೇ ಹಿಂದೊಮ್ಮೆ ನೇಯ್ದ ನೀಲಿ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅದೇ ಅವಳ ಒಪ್ಪಿಗೆ. ಅನ್ನಪೂರ್ಣ ಶನಿವಾರ ಸಂಜೆಯೊಳಗೆ ಸೆರಗು ಮುಗಿಸಿ ಸೀರೆ ಇಳಿಸಿದಳು.

ಅಡಿವೆವ್ವ ಕಂಡ ಪ್ರಪಂಚವೆಂದರೆ ಬನಶಂಕರಿ, ಸವದತ್ತಿ ಎಲ್ಲಮ್ಮ ಮತ್ತು ಹುಬ್ಬಳ್ಳಿಯ ದವಾಖಾನೆ. ಬಸ್ಸು ಘಟ್ಟ ಇಳಿಯತೊಡಗಿದಾಗ ಕಿಟಕಿಗೆ ಹಣೆ ಹಚ್ಚಿ ಕುಳಿತವಳು ಮಾತೇ ಆಡಲಿಲ್ಲ. "ಇಷ್ಟು ಗಿಡಕ್ಕ ನೀರು ಯಾರು ಹಾಕ್ತಾರ?" ಎಂದು ಒಮ್ಮೆ ಇಷ್ರತಳನ್ನು ಕೇಳಿದಳು, ಅಷ್ಟೇ. ಮಡಗಾವ್‌ನಲ್ಲಿ ಇಳಿದು, ಇಷ್ರತ ಗೊತ್ತಿದ್ದ ಗಿರಾಕಿಗೆ ಸೀರೆ ಕೊಟ್ಟು ಬಂದ ಮೇಲೆ ಮೂವರೂ ಸ್ಟೇಡಿಯಂ ಕಡೆ ನಡೆದರು.

ಗೇಟಿನಲ್ಲಿ ಒಬ್ಬ ಹುಡುಗಿಯಿಂದ ಚೀಲ ತಪಾಸಣೆ. ಎಲ್ಲ ಕಡೆಯೂ ಇರುವ ನಿಯಮವೇ. ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ. ಅಡಿವೆವ್ವನ ಗಂಟಿನಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. "ಬುತ್ತಿ ಚೆಲ್ಲು ಅಂತಾಳೇನು ಇಕಿ? ಉಂಡೇ ಒಳಗ ಹೋಗೋಣ" ಎಂದು ಮುದುಕಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕುಳಿತೇಬಿಟ್ಟಳು. ತಾವು ಉಂಡು, ಚೀಲ ನೋಡುತ್ತಿದ್ದ ಹುಡುಗಿಯ ಕೈಗೂ ಚಟ್ನಿ ಹಚ್ಚಿದ ರೊಟ್ಟಿ ಇಟ್ಟಳು. ಆ ಹುಡುಗಿ ಅತ್ತಿತ್ತ ನೋಡಿ, ಬೆನ್ನು ತಿರುಗಿಸಿ ನಿಂತು ತಿಂದಳು.

ಅಷ್ಟರಲ್ಲಿ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಅನ್ನಪೂರ್ಣಳನ್ನೇ ನೋಡುತ್ತ ಹತ್ತಿರ ಬಂದರು. ಬೆಳಗಾವಿ ಕಡೆಯ ಅಕ್ಕತಂಗಿಯರು. "ಈ ದನಿ ಎಲ್ಲೋ ಕೇಳೀವಲ್ರಿ. ನೀವ ಏನ್ರಿ ಆ ಆಣೆ ಹೇಳೋ ಅಕ್ಕಾರು?" ಎಂದು ಕೇಳಿ, ಹೌದು ಎನ್ನುವುದೇ ತಡ, ಕೈ ಹಿಡಿದುಕೊಂಡರು. ಇಲ್ಲಿ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಕೂಡ್ರಬಹುದು ಎಂದು ಅವಳು ಹೇಳಿದ್ದನ್ನು ಕೇಳಿಯೇ ಅವರು ಮೊದಲ ಸಲ ಮನೆ ಬಿಟ್ಟು ಬಂದಿದ್ದರಂತೆ. ಹೇಳುತ್ತಲೇ ಇಬ್ಬರೂ ಕಣ್ಣು ಒರೆಸಿಕೊಂಡರು. ಅಡಿವೆವ್ವ ಬರಿದಾದ ಬುತ್ತಿಯ ಬಟ್ಟೆ ಮಡಚುತ್ತ ಎಲ್ಲ ಕೇಳಿಸಿಕೊಂಡಳು.

ಒಳಗೆ ಹೋಗಿ ಕುಳಿತ ಮೇಲೆ ಇನ್ನೊಂದು ಫಜೀತಿ. ಸುತ್ತ ಎಲ್ಲರದೂ ಕೇಸರಿ ಅಂಗಿ, ಅದು ಆ ಊರ ತಂಡದ ಬಣ್ಣ. ಎದುರಾಳಿಗಳದು ನೀಲಿ. ಅಡಿವೆವ್ವನ ಸೀರೆ ಅಪ್ಪಟ ನೀಲಿ, ಕೆಂಪು ದಡಿ. ಬಣ್ಣದಲ್ಲೇ ಬದುಕಿದ ಮನೆಯಿಂದ ಹೊರಡುವಾಗ ಅನ್ನಪೂರ್ಣಳಿಗೆ ಸೀರೆಯ ನೇಯ್ಗೆ ಕಂಡಿತ್ತು, ಕಟ್ಟು ಕಂಡಿತ್ತು, ಇದೊಂದು ಹೊಳೆದಿರಲಿಲ್ಲ. ಹಿಂದಿನ ಸಾಲಿನ ಹುಡುಗರು ನಕ್ಕು ಕೈಸನ್ನೆ ಮಾಡಿದರು, ಮುದುಕಿ ಆ ಕಡೆಯವಳು ಎಂದು. ಇಷ್ರತ ಅರ್ಥ ಬಿಡಿಸಿ ಹೇಳಿದಾಗ ಅಡಿವೆವ್ವ ಸಿಡಿದಳು.

"ನಾ ಉಟ್ಟಿದ್ದು ನನ್ನ ಮಗ್ಗದ ಸೀರಿ. ಅವ್ರೇನು ನನ್ನ ಕೇಳಿ ಅಂಗಿ ಹೊಲಿಸ್ಯಾರ? ಇರ್ಲಿ. ಆ ನೀಲಿ ಹುಡುಗ್ರೇ ನನ್ನವ್ರು."

ಒಮ್ಮೆ ತನ್ನವರು ಎಂದ ಮೇಲೆ ಕೇಳಬೇಕೆ? ನೀಲಿ ಹುಡುಗ ಬಿದ್ದರೆ "ಅಯ್ಯ, ಯಾರ ಮಗನೋ!" ಕೇಸರಿಯವನು ಕಾಲು ಕೊಟ್ಟು ಕೆಡವಿದರೆ ಶುದ್ಧ ಗಜೇಂದ್ರಗಡದ ಬೈಗುಳ. ಅನ್ನಪೂರ್ಣ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುತ್ತಿದ್ದಳು, ಯಾರು ಎತ್ತ ಓಡುತ್ತಾರೆ, ಯಾಕೆ ಸೀಟಿ ಊದಿದರು. ಹೇಳುವಾಗ ಅವಳ ಮೈಯೆಲ್ಲ ಮಾತಾಗಿತ್ತು. ಮುದುಕಿ ಮೈದಾನ ನೋಡುವುದು ಬಿಟ್ಟು ಎಷ್ಟೋ ಹೊತ್ತು ಸೊಸೆಯ ಮುಖವನ್ನೇ ನೋಡಿದಳು. ಮನೆಯಲ್ಲಿ ಈ ಮುಖ ಅವಳು ಕಂಡಿರಲೇ ಇಲ್ಲ.

ನೀಲಿಯವರು ಒಂದು ಗೋಲು ಹಿಂದಿದ್ದರು. ಆಟ ಮುಗಿಯಲು ಸ್ವಲ್ಪ ಹೊತ್ತು ಇರುವಾಗ ಅನ್ನಪೂರ್ಣ ಫೋನಿನಲ್ಲಿ ಸಮಯ ನೋಡಿ, ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

"ಏಳ್ರಿ ಅತ್ತಿ. ಬಸ್ಸಿನ ಹೊತ್ತಾತು."

"ಆಟ ಮುಗೀತೇನು?"

"ಇಲ್ರಿ. ಇನ್ನೂ ಸ್ವಲ್ಪ ಐತಿ."

"ಮತ್ಯಾಕ ಏಳ್ತಿ? ಇವ್ರ್ಯಾರೂ ಎದ್ದಿಲ್ಲಲ್ಲ."

ಅನ್ನಪೂರ್ಣ ಏನೋ ಹೇಳಿ ತೇಲಿಸುವುದರೊಳಗೆ ಇಷ್ರತ ಬಾಯಿ ಬಿಟ್ಟಳು. "ಅಕ್ಕ ಯಾವ ಆಟಾನೂ ಕಡೀತನಾ ನೋಡಿಲ್ರಿ ಅಡಿವೆವ್ವಾರ. ಒಂದೂ ನೋಡಿಲ್ಲ. ಮುಂಜಾನಿ ಮಗ್ಗಕ್ಕ ಕುಂಡ್ರಬೇಕು ಅಂತ ನೀವ ಹೇಳೀರಲ್ರಿ."

ಎದುರು ಮೈದಾನದಲ್ಲಿ ಚೆಂಡು ಹೊರಗೆ ಹೋಯಿತು, ಯಾರೋ ಒಳಗೆ ಎಸೆದರು. ಅಡಿವೆವ್ವನಿಗೆ ಅದು ಕಂಡಂತೆ ಇರಲಿಲ್ಲ. ತಾನು ಹಾಕಿದ ಕಟ್ಟಳೆ ಇಷ್ಟು ದೂರದ ತನಕ ಸೊಸೆಯ ಬೆನ್ನು ಹತ್ತಿ ಬರುತ್ತಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಆಮೇಲೆ ಸೊಸೆಯ ಸೆರಗು ಹಿಡಿದು ಕೆಳಕ್ಕೆ ಜಗ್ಗಿದಳು.

"ಕುಂಡ್ರ. ಸೆರಗು ಮುಗಸದ ಯಾರರ ಮಗ್ಗ ಬಿಟ್ಟು ಏಳ್ತಾರೇನು?"

"ಬಸ್ಸು..."

"ಹೋಗ್ಲಿ ಬಸ್ಸು. ಅದೇನು ನಮ್ಮಪ್ಪಂದಾ?"

ಅನ್ನಪೂರ್ಣ ಕುಳಿತಳು. ಬಸ್ಸು ಹೋಯಿತು. ಕಡೆಯ ಗಳಿಗೆಯಲ್ಲಿ ನೀಲಿಯವರು ಒಂದು ಗೋಲು ಹೊಡೆದು ಸಮ ಮಾಡಿದರು. ಕೇಸರಿ ಮಂದಿಯ ನಡುವೆ ಒಬ್ಬ ನೀಲಿ ಮುದುಕಿ ಮಂಡಿ ನೋವು ಮರೆತು ಎದ್ದು ನಿಂತಳು. ಅದಾಗಿ ಸ್ವಲ್ಪ ಹೊತ್ತಿಗೇ ಕೇಸರಿಯವರು ಇನ್ನೊಂದು ಹೊಡೆದು ಗೆದ್ದರು. ಆಮೇಲೆ ಅನ್ನಪೂರ್ಣ ಸ್ಟೇಡಿಯಂನಲ್ಲಿ ಕುಳಿತು ಎಂದೂ ಕೇಳಿರದ ಉದ್ದನೆಯ ಸೀಟಿ ಮೊಳಗಿತು. ಸೋತ ಹುಡುಗರು ಇದ್ದಲ್ಲೇ ಹುಲ್ಲಿನ ಮೇಲೆ ಕುಸಿದರು. ಗೆದ್ದವರು ಮೊದಲು ಕುಣಿದು, ಆಮೇಲೆ ಬಂದು ಸೋತವರಿಗೆ ಕೈ ಕೊಟ್ಟು ಎಬ್ಬಿಸಿದರು. ತಮ್ಮ ತಮ್ಮ ಮಂದಿಯ ಎದುರು ಹೋಗಿ ಚಪ್ಪಾಳೆ ತಟ್ಟಿದರು. ಮಂದಿಯೂ ತಟ್ಟಿದರು, ಸೋತವರಿಗೂ. ಫೋನಿನಲ್ಲಿ ಆಟ ಮುಗಿಯುತ್ತಲೇ ಜಾಹೀರಾತು ಬಂದುಬಿಡುತ್ತಿತ್ತು; ಇದೆಲ್ಲ ಹೀಗೆ ಇರುತ್ತದೆಂದು ಅವಳಿಗೆ ತಿಳಿದೇ ಇರಲಿಲ್ಲ. ಕೊನೆ ನೋಡದೆ ಇಷ್ಟು ದಿನ ಆಣೆ ಹಂಚಿದೆನಲ್ಲ ಎಂದು ನಗು ಬಂತು, ನಗುವಿನ ಜೊತೆ ಅಳುವೂ ಬಂತು. ಇಷ್ರತ ನೀರಿನ ಬಾಟಲಿ ಕೈಗಿಟ್ಟಳು.

ಮಡಗಾವ್‌ನಲ್ಲಿ ದುಡಿಯಲು ಬಂದಿದ್ದ ನರೇಗಲ್ ಕಡೆಯ, ಇಷ್ರತಳಿಗೆ ಗುರುತಿದ್ದ ಒಂದು ಕುಟುಂಬದ ಮನೆಯಲ್ಲಿ ಆವತ್ತು ಮಲಗಿದರು. ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಮಗ್ಗ ಎಲ್ಲಿಗೂ ಓಡಿ ಹೋಗಿರಲಿಲ್ಲ.

ಆದರೆ ಅಡಿವೆವ್ವ ತೀರ್ಪು ಹೇಳಲಿಲ್ಲ. ಹೌದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನೂಲು ಸುತ್ತುತ್ತ ಕುಳಿತಳು. ಕೇಳಲು ಅನ್ನಪೂರ್ಣಳಿಗೆ ಧೈರ್ಯ ಬರಲಿಲ್ಲ. ಗುಂಪಿನಲ್ಲಿ ಹೆಂಗಸರು ಈ ಸಲ ಗೋವಾಕ್ಕೆ ಎಷ್ಟಾಣೆ ಎಂದು ಕೇಳುತ್ತಲೇ ಇದ್ದರು. ಅವಳು ಯಾರಿಗೂ ಉತ್ತರಿಸಲಿಲ್ಲ.

ಒಂದು ಸಂಜೆ ನರಗುಂದದ ಹುಡುಗಿಯ ತಾಯಿ ಫೋನ್ ಮಾಡಿದಳು. ಅಡಿವೆವ್ವನಿಗೆ ಕಿವಿ ಮಂದ, ಅವಳ ಫೋನು ಇಡೀ ಮನೆಗೆ ಕೇಳಿಸುತ್ತದೆ. ಮುಹೂರ್ತದ ಮಾತಾದ ಮೇಲೆ ಆ ಕಡೆಯಿಂದ, "ಮತ್ತ ಗೋವಾಕ್ಕ ಹೋಗಿದ್ರಂತ ಸುದ್ದಿ ಬಂತಲ್ರಿ. ಬಿಟ್ಟಾರ ಅಂದಿದ್ರಿ" ಎಂಬ ದನಿ ಬಂತು. ಮಗ್ಗದಲ್ಲಿ ಅನ್ನಪೂರ್ಣಳ ಕೈ ನಿಂತಿತು.

"ಬಿಟ್ಟಾಳ ಅಂತ ನಾ ಸುಳ್ಳ ಹೇಳಿದ್ದೆ ಬಾಯಿ. ನಂದು ತಪ್ಪಾತು" ಎಂದಳು ಅಡಿವೆವ್ವ. "ಆಕಿ ಹೊಕ್ಕಾಳ. ಮೊನ್ನಿ ನಾನೂ ಹೋಗಿದ್ದೆ. ಅಲ್ಲಿ ಬೆಳಗಾವಿ ಹೆಣ್ಣುಮಕ್ಕಳು ನನ್ನ ಸೊಸಿ ಕೈ ಹಿಡಕೊಂಡು ಅತ್ರು. ನನ್ನ ಕೈ ಹಿಡಕೊಂಡು ಈ ವಯಸ್ಸಿನತನಾ ಯಾರೂ ಅತ್ತಿಲ್ಲ. ನಿಮ್ಮ ಮಗಳು ಬಂದ ಮ್ಯಾಲ ಅಕಿಗೂ ಹೋಗಬೇಕನ್ನಿಸಿದ್ರ ಹೋಗ್ಲಿ. ಹಿಂಗ ಐತಿ ನೋಡ್ರಿ ನಮ್ಮ ಮನಿ."

ಆ ಕಡೆಯವರು ಮನೆಯಲ್ಲಿ ಕೂತು ಮಾತಾಡಿ ಹೇಳುತ್ತೇವೆ ಎಂದರು. ಹೇಳಿದ್ದು ರೋಣದ ಮಧ್ಯಸ್ಥನ ಮೂಲಕ, ಕೆಲವು ದಿನ ಬಿಟ್ಟು: ಜಾತಕ ಕೂಡಲಿಲ್ಲವಂತೆ. ಮೊದಲು ಕೂಡಿದ್ದ ಜಾತಕ ಆಮೇಲೆ ಹೇಗೆ ಕೂಡದಾಯಿತೋ, ಗ್ರಹಗಳಿಗೇ ಗೊತ್ತು.

ಅಜಯಕುಮಾರ, "ಹೋದ್ರ ಹೋತು ಬಿಡ ಅವ್ವಾ" ಎಂದ. ಆದರೆ ಎರಡು ದಿನ ರೋಣದಿಂದ ತಡವಾಗಿ ಬಂದ, ಸರಿಯಾಗಿ ಉಣ್ಣಲಿಲ್ಲ. ಅದನ್ನು ನೋಡಿ ಅನ್ನಪೂರ್ಣ, ತನ್ನ ಹುಚ್ಚು ಮಗನ ಬಾಳಿಗೆ ಅಡ್ಡ ಬಂತೆಂದು ಕೊರಗಿದಳು. ಕಡೆಗೊಂದು ಮಧ್ಯಾಹ್ನ ಮಗ್ಗದಿಂದೆದ್ದು ಬಂದು, ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದ ಅತ್ತೆಯ ಎದುರು ನೆಲದ ಮೇಲೆ ಕುಳಿತಳು.

"ಅತ್ತಿ, ನಾ ಬಿಡ್ತೀನ್ರಿ. ನೀವು ನನ್ನ ಮಾನ ಕಾದ್ರಿ, ಅಷ್ಟ ಸಾಕು. ಇನ್ನ ಎಲ್ಲಿಗೂ ಹೋಗಂಗಿಲ್ಲ. ಹುಡುಗಂದು ಆಗ್ಲಿ."

ಅಡಿವೆವ್ವ ರಾಟೆ ನಿಲ್ಲಿಸಿದಳು.

"ಹುಡುಗಗ ಹೆಣ್ಣು ಸಿಗ್ತಾವ. ನಮ್ಮನ್ನ ನಾವಿದ್ದಂಗ ನೋಡಿ ಬರಾಕಿ ಬರ್ಲಿ, ಅಕಿನೇ ಬಾಳ್ವಿ ಮಾಡಾಕಿ. ನಿನ್ನ ಮಾತು ಹೇಳು. ಬಿಡ್ತೀಯೇನು ನೀ?" ಅವಳು ಮಗ್ಗದ ಕುಣಿಯ ಕಡೆ ಕೈ ತೋರಿಸಿದಳು. "ನಾ ಸಣ್ಣಾಕಿ ಇದ್ದಾಗ ಈ ಕುಣ್ಯಾಗ ಕಾಲಿಟ್ಟೆ. ಮಂಡಿ ಹೋದ ಮ್ಯಾಲ ಎದ್ದೆ. ಅಲ್ಲೀತನಾ ನನ್ನ ಯಾರೂ 'ಬಾ, ಹೋಗೋಣ' ಅಂದಿಲ್ಲ. ನನ್ನ ಗಂಡ ಅನ್ಲಿಲ್ಲ. ಹಡದ ಮಗ ಅನ್ಲಿಲ್ಲ. ನೀ ಒಬ್ಬಾಕಿ ಅಂದಿ, ಅದೂ ನಾ ಬೈದ ದಿನ. ಈಗ ನೀನೂ ಬಿಟ್ಟ ಕುಂತ್ರ, ನನ್ನ ಕರಿಯಾವ್ರು ಯಾರು?"